ಕರೆಂಟ್ ಹೋದಾಗ ಪ್ರೊಪೇನ್ ಜನರೇಟರ್: ಎಷ್ಟು ದೊಡ್ಡದು ಬೇಕು, ಎಷ್ಟು ದುಡ್ಡು ಸಾಕು

2024ರ ಜುಲೈ 8, ಸೋಮವಾರ ಬೆಳಗಿನ ಜಾವ. ಬೆರಿಲ್ ಚಂಡಮಾರುತ ಟೆಕ್ಸಾಸ್ ಕರಾವಳಿಯ ಮಟಗೋರ್ಡಾ ಹತ್ತಿರ ಬಂದು ಅಪ್ಪಳಿಸಿತು. ಹ್ಯೂಸ್ಟನ್ ಸುತ್ತಮುತ್ತ 22 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು. ಗಾಳಿ ಅವತ್ತೇ ನಿಂತಿತು. ಕರೆಂಟ್ ಕೆಲವರಿಗೆ ಎರಡು ದಿನಕ್ಕೆ ಬಂತು, ಕೆಲವರಿಗೆ ವಾರ ಕಳೆದ ಮೇಲೆ. ನಮ್ಮ ಮನೆಗೆ ಬಂದದ್ದು ಐದನೇ ದಿನ.

ಊರಿಂದ ಬಂದಿದ್ದ ನಮ್ಮ ಅತ್ತೆಯ ಇನ್ಸುಲಿನ್ ಫ್ರಿಜ್‌ನಲ್ಲಿತ್ತು. ಮೊದಲ ದಿನ ಐಸ್ ಡಬ್ಬದಲ್ಲಿಟ್ಟು ಸಂಭಾಳಿಸಿದೆವು. ಎರಡನೇ ದಿನ ಐಸ್ ಎಲ್ಲೂ ಸಿಗಲಿಲ್ಲ. ಆಗ ಪಕ್ಕದ ಮನೆಯವರು ಬೇಲಿ ಮೇಲಿಂದ ಒಂದು ಎಕ್ಸ್‌ಟೆನ್ಶನ್ ವೈರ್ ಕೊಟ್ಟರು. ಅದರ ಆ ತುದಿಯಲ್ಲಿ ಸೂಟ್‌ಕೇಸಿನಷ್ಟು ದೊಡ್ಡ ಒಂದು ಜನರೇಟರ್. ಅದಕ್ಕೆ ಪೆಟ್ರೋಲ್ ಅಲ್ಲ, ಹಿತ್ತಲಲ್ಲಿ ಗ್ರಿಲ್ ಮಾಡಲು ಬಳಸುವ ಬಿಳಿ ಸಿಲಿಂಡರ್ ಹಾಕಿದ್ದರು. ಆ ಪುಟ್ಟ ಯಂತ್ರ ಎರಡು ಮನೆಯ ಫ್ರಿಜ್ ಓಡಿಸಿತು.

ಜೂನ್ ಒಂದರಿಂದ ನವೆಂಬರ್ ಕೊನೆಯವರೆಗೆ ಇಲ್ಲಿ ಚಂಡಮಾರುತದ ಕಾಲ. ಜೂನ್ ಹತ್ತಿರ ಬಂದಂತೆ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಅದೇ ಪ್ರಶ್ನೆ: "ಕಡಿಮೆ ಬೆಲೆಯಲ್ಲಿ ಒಳ್ಳೆ ಜನರೇಟರ್ ಯಾವುದು?" ಅದಕ್ಕೆ ಉತ್ತರ ಹೇಳಬೇಕಾದರೆ ಬುಡದಿಂದ ಶುರು ಮಾಡಬೇಕು. ಆ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

## ಗ್ಯಾಸ್ ಅಂದರೆ ಯಾವ ಗ್ಯಾಸ್?

ಅಮೆರಿಕದಲ್ಲಿ ಗ್ಯಾಸ್ ಅಂದರೆ ಪೆಟ್ರೋಲ್. ನಮ್ಮ ಕಿವಿಗೆ ಗ್ಯಾಸ್ ಅಂದರೆ ಸಿಲಿಂಡರ್. ಅಂಗಡಿಯಲ್ಲಿ 'ಗ್ಯಾಸ್ ಜನರೇಟರ್' ಅಂತ ಬರೆದಿದ್ದರೆ ಅದು ಪೆಟ್ರೋಲ್ ಯಂತ್ರ. ಹೊಸದಾಗಿ ಬಂದವರು ಇಲ್ಲೇ ಎಡವುತ್ತಾರೆ. ಪೈಪಿನಲ್ಲಿ ಮನೆಗೆ ಬರುವುದು ನ್ಯಾಚುರಲ್ ಗ್ಯಾಸ್. ಸಿಲಿಂಡರ್‌ನಲ್ಲಿ ಬರುವುದು ಪ್ರೊಪೇನ್.

ಊರಲ್ಲಿ ಅಡುಗೆಗೆ ಬಳಸುವ ಎಲ್‌ಪಿಜಿ ಕೂಡ ಪ್ರೊಪೇನ್‌ನ ಬಳಗದ್ದೇ. ಅದರಲ್ಲಿ ಪ್ರೊಪೇನ್ ಮತ್ತು ಬ್ಯೂಟೇನ್ ಎರಡೂ ಬೆರೆತಿರುತ್ತವೆ. ಬ್ಯೂಟೇನ್ ಸೊನ್ನೆ ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಹಾಗಲ್ಲ, ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಆವಿಯಾಗುತ್ತದೆ. ಹಿಮ ಬೀಳುವ ದೇಶದಲ್ಲಿ ಹೊರಗಿಡುವ ಸಿಲಿಂಡರ್‌ಗೆ ಪ್ರೊಪೇನನ್ನೇ ತುಂಬುವುದು ಇದಕ್ಕೇ.

ಜನರೇಟರ್ ಒಳಗೆ ಇರುವುದು ಎರಡೇ ಭಾಗ. ಒಂದು ಇಂಜಿನ್, ಸ್ಕೂಟರ್‌ನಲ್ಲಿ ಇರುವಂಥದ್ದು. ಇನ್ನೊಂದು ಅದು ತಿರುಗಿಸುವ ಆಲ್ಟರ್ನೇಟರ್. ಕರೆಂಟ್ ಹುಟ್ಟುವುದು ಅಲ್ಲಿ. ಪ್ರೊಪೇನ್ ಯಂತ್ರಕ್ಕೆ ಹೆಚ್ಚುವರಿಯಾಗಿ ಒಂದು ರೆಗ್ಯುಲೇಟರ್ ಮತ್ತು ಪೈಪ್ ಇರುತ್ತದೆ, ಒಲೆಗೆ ಇರುವ ಹಾಗೆ. ಈಗ ಮನೆಗೆ ಅಂತ ಮಾರುವ ಸಣ್ಣ ಪ್ರೊಪೇನ್ ಯಂತ್ರಗಳಲ್ಲಿ ಹೆಚ್ಚಿನವು 'ಡ್ಯುಯಲ್ ಫ್ಯೂಯೆಲ್'. ಅಂದರೆ ಪೆಟ್ರೋಲೂ ಹಾಕಬಹುದು, ಪ್ರೊಪೇನೂ ಹಾಕಬಹುದು.

## ಪ್ರೊಪೇನ್ ಯಾಕೆ?

ಪೆಟ್ರೋಲ್ ಹಳಸುತ್ತದೆ. ಎಥನಾಲ್ ಬೆರೆಸಿದ ಪೆಟ್ರೋಲನ್ನು ಕ್ಯಾನಿನಲ್ಲಿ ಆರು ತಿಂಗಳು ಇಟ್ಟರೆ ಕೆಟ್ಟಿರುತ್ತದೆ. ಜನರೇಟರ್ ಟ್ಯಾಂಕಿನಲ್ಲೇ ಬಿಟ್ಟರೆ ಕಾರ್ಬ್ಯುರೇಟರ್‌ನಲ್ಲಿ ಅಂಟು ಕಟ್ಟಿಕೊಳ್ಳುತ್ತದೆ. ಬಿರುಗಾಳಿ ಬಂದ ದಿನ ಹಗ್ಗ ಎಳೆದೂ ಎಳೆದೂ ಸ್ಟಾರ್ಟ್ ಆಗದ ಜನರೇಟರ್‌ಗಳಲ್ಲಿ ಬಹಳಷ್ಟರ ಕಥೆ ಇದೇ. ಪ್ರೊಪೇನ್‌ಗೆ ಈ ಕಾಯಿಲೆ ಇಲ್ಲ. ಮೂರು ವರ್ಷ ಮೂಲೆಯಲ್ಲಿ ನಿಂತ ಸಿಲಿಂಡರ್ ನಾಲ್ಕನೇ ವರ್ಷವೂ ಹಾಗೇ ಉರಿಯುತ್ತದೆ.

ಇನ್ನೊಂದು ಕಾರಣ ಬಿರುಗಾಳಿ ಕಳೆದ ಮರುದಿನ ಗೊತ್ತಾಗುತ್ತದೆ. ಕರೆಂಟ್ ಇಲ್ಲದಿದ್ದರೆ ಪೆಟ್ರೋಲ್ ಬಂಕಿನ ಪಂಪೂ ಓಡುವುದಿಲ್ಲ. ಓಡುವ ಬಂಕಿನ ಮುಂದೆ ಮೈಲುದ್ದ ಕಾರು. ಆ ಹೊತ್ತಿಗೆ ಮನೆಯಲ್ಲಿ ಎರಡು ತುಂಬಿದ ಸಿಲಿಂಡರ್ ಇದ್ದವರು ನೆಮ್ಮದಿಯಾಗಿ ಇರುತ್ತಾರೆ.

ಕೊರತೆಯೂ ಇದೆ. ಒಂದೇ ಯಂತ್ರ ಪೆಟ್ರೋಲ್‌ನಲ್ಲಿ ಕೊಡುವುದಕ್ಕಿಂತ ಪ್ರೊಪೇನ್‌ನಲ್ಲಿ ಸುಮಾರು ಶೇಕಡಾ 10ರಷ್ಟು ಕಡಿಮೆ ಪವರ್ ಕೊಡುತ್ತದೆ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವುದು ಪೆಟ್ರೋಲ್‌ನ ಅಂಕಿ. ಪ್ರೊಪೇನ್‌ನ ಅಂಕಿ ಪಕ್ಕದಲ್ಲಿ ಸಣ್ಣದಾಗಿರುತ್ತದೆ. ನೀವು ನೋಡಬೇಕಾದದ್ದು ಆ ಸಣ್ಣ ಅಂಕಿಯನ್ನು.

## ವ್ಯಾಟ್ ಲೆಕ್ಕ: ಇಲ್ಲಿ ಸ್ವಲ್ಪ ನಿಧಾನ

ದುಡ್ಡು ಪೋಲಾಗುವುದು ಇಲ್ಲಿ. ಜನ ಮೊದಲು ಯಂತ್ರ ನೋಡುತ್ತಾರೆ, ಆಮೇಲೆ ಮನೆಯ ಲೆಕ್ಕ ಹಾಕುತ್ತಾರೆ. ಅದು ಉಲ್ಟಾ ಆಗಬೇಕು.

ಜನರೇಟರ್ ಮೇಲೆ ಎರಡು ವ್ಯಾಟ್ ಅಂಕಿ ಇರುತ್ತವೆ. ಒಂದು 'ಸ್ಟಾರ್ಟಿಂಗ್', ಇನ್ನೊಂದು 'ರನ್ನಿಂಗ್'. ಬೀಸುವ ಕಲ್ಲನ್ನು ನೆನೆಸಿಕೊಳ್ಳಿ. ಮೊದಲ ಸುತ್ತಿಗೆ ಭುಜದ ಬಲವೆಲ್ಲ ಹಾಕಬೇಕು. ತಿರುಗಲು ಶುರುವಾದ ಮೇಲೆ ಒಂದು ಕೈ ಸಾಕು. ಮೋಟಾರ್ ಇರುವ ಫ್ರಿಜ್, ಎಸಿ, ಪಂಪ್ ಎಲ್ಲವೂ ಹೀಗೆಯೇ. ಶುರುವಾಗುವ ಒಂದೆರಡು ಸೆಕೆಂಡು ಎರಡು ಮೂರು ಪಟ್ಟು, ಕೆಲವೊಮ್ಮೆ ಅದಕ್ಕಿಂತಲೂ ಜಾಸ್ತಿ ಕರೆಂಟ್ ಎಳೆಯುತ್ತವೆ. ಆಮೇಲೆ ಸುಮ್ಮನಾಗುತ್ತವೆ. ಬಲ್ಬ್, ವೈಫೈ, ಫೋನ್ ಚಾರ್ಜರ್‌ಗೆ ಈ ತೊಂದರೆ ಇಲ್ಲ.

ಹಾಗಾಗಿ ಲೆಕ್ಕದ ದಾರಿ ಹೀಗೆ. ಒಟ್ಟಿಗೆ ಓಡಬೇಕಾದ ವಸ್ತುಗಳ ರನ್ನಿಂಗ್ ವ್ಯಾಟ್ ಎಲ್ಲ ಕೂಡಿ. ಅವುಗಳಲ್ಲಿ ಶುರುವಿಗೆ ಅತಿ ಹೆಚ್ಚು ಎಳೆಯುವುದು ಯಾವುದೋ, ಅದೊಂದರ ಹೆಚ್ಚುವರಿ ವ್ಯಾಟನ್ನು ಮಾತ್ರ ಸೇರಿಸಿ. ಎಲ್ಲವೂ ಒಂದೇ ಕ್ಷಣಕ್ಕೆ ಶುರುವಾಗುವುದಿಲ್ಲವಲ್ಲ.

ನಮ್ಮ ಮನೆಯ ಲೆಕ್ಕ ಹೇಳುತ್ತೇನೆ. ಫ್ರಿಜ್ 200 ವ್ಯಾಟ್. ಒಂದು ಕೋಣೆಗೆ ಸಾಕಾಗುವ ಕಿಟಕಿ ಎಸಿ 700. ಎಲ್‌ಇಡಿ ದೀಪಗಳು 100. ಎರಡು ಟೇಬಲ್ ಫ್ಯಾನ್ 100. ವೈಫೈ, ಫೋನ್, ಒಂದು ಲ್ಯಾಪ್‌ಟಾಪ್ ಸೇರಿ 150. ಒಟ್ಟು 1,250. ಎಸಿ ಶುರುವಾಗುವಾಗ ಬೇಕಾದ ಹೆಚ್ಚುವರಿ 1,200 ಅಂದುಕೊಳ್ಳಿ. ಆ ಕ್ಷಣಕ್ಕೆ 2,450 ಆಯಿತು. ಪ್ರೊಪೇನ್‌ನಲ್ಲಿ 2,700ರಿಂದ 3,000 ರನ್ನಿಂಗ್ ವ್ಯಾಟ್ ಕೊಡುವ ಯಂತ್ರ ಧಾರಾಳವಾಗಿ ಸಾಕು. ಅನ್ನ ಮಾಡಬೇಕಾದಾಗ ಎಸಿ ಅರ್ಧ ಗಂಟೆ ಆಫ್ ಮಾಡಿ ಕುಕ್ಕರ್ ಹಾಕಿದರಾಯಿತು. ಚಟ್ನಿಗೆ ಮಿಕ್ಸಿಯೂ ಅಷ್ಟೇ.

ನಿಮ್ಮ ಮನೆಯ ಅಂಕಿಗಳು ಬೇರೆ ಇರುತ್ತವೆ. ವಸ್ತುವಿನ ಹಿಂದಿನ ಚೀಟಿ ನೋಡಿ. ಚೀಟಿಯಲ್ಲಿ ಆಂಪ್ಸ್ ಮಾತ್ರ ಇದ್ದರೆ ಅದನ್ನು 120ರಿಂದ ಗುಣಿಸಿ, ವ್ಯಾಟ್ ಸಿಗುತ್ತದೆ. ಗೋಡೆಯ ಪ್ಲಗ್‌ಗೆ ಸಿಕ್ಕಿಸಿ ನಿಜವಾಗಿ ಎಷ್ಟು ಎಳೆಯುತ್ತಿದೆ ಅಂತ ತೋರಿಸುವ ಸಣ್ಣ ಮೀಟರ್‌ಗಳೂ ಅಗ್ಗಕ್ಕೆ ಸಿಗುತ್ತವೆ. ಫ್ರಿಜ್‌ಗೆ ಒಂದು ದಿನ ಹಾಕಿ ನೋಡುವುದು ಒಳ್ಳೆಯದು.

ಇಡೀ ಮನೆಯ ಎಸಿ, ಎಲೆಕ್ಟ್ರಿಕ್ ಒಲೆ, ಬಟ್ಟೆ ಒಣಗಿಸುವ ಯಂತ್ರ, ಎಲೆಕ್ಟ್ರಿಕ್ ಬಾಯ್ಲರ್ ಇವೆಲ್ಲ 240 ವೋಲ್ಟಿನವು. ಬಾಯ್ಲರ್ ಒಂದೇ ಸಾಮಾನ್ಯವಾಗಿ 4,500 ವ್ಯಾಟ್ ನುಂಗುತ್ತದೆ. ಇವನ್ನು ಪಟ್ಟಿಗೆ ಸೇರಿಸಿದ ಕ್ಷಣ ಬೇಕಾಗುವ ಯಂತ್ರದ ಗಾತ್ರವೂ ಬೆಲೆಯೂ ಎರಡು ಮೂರು ಪಟ್ಟಾಗುತ್ತದೆ. ನನ್ನ ಸಲಹೆ, ಒಂದು ಕೋಣೆಯನ್ನು ತಂಪಾಗಿಡಿ, ಎಲ್ಲರೂ ಅಲ್ಲೇ ಮಲಗಿ. ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಯ ಪಡಸಾಲೆಯಲ್ಲಿ ಸಾಲಾಗಿ ಮಲಗುತ್ತಿದ್ದೆವಲ್ಲ, ಹಾಗೆ.

## ಒಂದು ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ?

ಗ್ರಿಲ್‌ಗೆ ಬಳಸುವ ಸಿಲಿಂಡರ್‌ನಲ್ಲಿ 20 ಪೌಂಡ್, ಅಂದರೆ 9 ಕೆಜಿ ಪ್ರೊಪೇನ್ ಹಿಡಿಯುತ್ತದೆ. ಊರಿನ 14.2 ಕೆಜಿ ಸಿಲಿಂಡರ್‌ಗಿಂತ ಚಿಕ್ಕದು. ಅಷ್ಟು ಪ್ರೊಪೇನ್‌ನಲ್ಲಿರುವ ಶಾಖವನ್ನೆಲ್ಲ ಕರೆಂಟಿನ ಲೆಕ್ಕಕ್ಕೆ ತಂದರೆ ಸುಮಾರು 125 ಯೂನಿಟ್. ಆದರೆ ಸಣ್ಣ ಇಂಜಿನ್ ಅದರ ಐದನೇ ಒಂದು ಭಾಗವನ್ನೂ ಕರೆಂಟ್ ಮಾಡುವುದು ಕಷ್ಟ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಲೋಡ್ ಕಡಿಮೆ ಇದ್ದರೂ ಇಂಜಿನ್ ತಿರುಗುವುದಕ್ಕೇ ಒಂದಷ್ಟು ಉರಿಯುತ್ತದೆ. ಹಾಗಾಗಿ ಒಂದು ಸಿಲಿಂಡರ್‌ಗೆ 12ರಿಂದ 20 ಯೂನಿಟ್ ಅಂತ ಇಟ್ಟುಕೊಳ್ಳಿ.

ಸರಾಸರಿ 1,000 ವ್ಯಾಟ್ ಲೋಡ್‌ನಲ್ಲಿ ಸಣ್ಣ ಯಂತ್ರ ಒಂದು ಸಿಲಿಂಡರ್‌ಗೆ 12ರಿಂದ 15 ಗಂಟೆ ಓಡುತ್ತದೆ. 7,500 ವ್ಯಾಟಿನ ದೊಡ್ಡ ಯಂತ್ರಕ್ಕೆ ಅರ್ಧ ಲೋಡ್ ಹಾಕಿದರೆ ಅದೇ ಸಿಲಿಂಡರ್ ಐದಾರು ಗಂಟೆಗೆ ಖಾಲಿ. ಯಂತ್ರ ಚಿಕ್ಕದಿದ್ದಷ್ಟೂ ದಿನದ ಖರ್ಚೂ ಕಡಿಮೆ ಅನ್ನುವುದು ಇದಕ್ಕೇ.

ದಿನವಿಡೀ ಓಡಿಸಬೇಕಾಗಿಯೂ ಇಲ್ಲ. ಬಾಗಿಲು ತೆಗೆಯದಿದ್ದರೆ ಫ್ರಿಜ್ ನಾಲ್ಕು ಗಂಟೆ ತಂಪು ಹಿಡಿಯುತ್ತದೆ, ತುಂಬಿದ ಫ್ರೀಜರ್ ಎರಡು ದಿನ. ರಾತ್ರಿ ಎಸಿಗಾಗಿ ಎಂಟು ಗಂಟೆ, ಹಗಲು ಎರಡು ಹೊತ್ತು ಎರಡೆರಡು ಗಂಟೆ ಓಡಿಸಿದರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಸಿಲಿಂಡರ್.

ಸಿಲಿಂಡರ್ ತುಂಬಿಸುವಾಗ ಒಂದು ಮಾತು ನೆನಪಿರಲಿ. ಖಾಲಿ ಕೊಟ್ಟು ತುಂಬಿದ್ದು ತರುವ ಅಂಗಡಿಗಳಲ್ಲಿ ಸಾಮಾನ್ಯವಾಗಿ 15 ಪೌಂಡ್ ಮಾತ್ರ ತುಂಬಿರುತ್ತಾರೆ. ನಿಮ್ಮ ಸಿಲಿಂಡರನ್ನೇ ಮುಂದೆ ನಿಂತು ತುಂಬಿಸಿಕೊಳ್ಳುವ ಕಡೆ ಪೂರ್ತಿ 20 ಪೌಂಡ್ ಸಿಗುತ್ತದೆ, ಪೌಂಡಿಗೆ ಬೆಲೆಯೂ ಕಡಿಮೆ ಬೀಳುತ್ತದೆ. ಎಷ್ಟಿದೆ ಅಂತ ನೋಡಲು ಬಾತ್‌ರೂಮಿನ ತೂಕದ ಯಂತ್ರ ಸಾಕು. ಸಿಲಿಂಡರ್ ಕತ್ತಿನ ಪಟ್ಟಿಯ ಮೇಲೆ 'ಟಿಡಬ್ಲ್ಯೂ' ಅಂತ ಒತ್ತಿ ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ, ಸಾಮಾನ್ಯವಾಗಿ 17 ಪೌಂಡ್‌ನ ಆಸುಪಾಸು. ಅದು ಖಾಲಿ ತೂಕ. ತೂಕದಿಂದ ಅದನ್ನು ಕಳೆಯಿರಿ, ಉಳಿದದ್ದು ಪ್ರೊಪೇನ್. ಪಟ್ಟಿಯ ಮೇಲೆ ತಯಾರಾದ ತಿಂಗಳು, ವರ್ಷವೂ ಇರುತ್ತದೆ. ಅವಧಿ ಮುಗಿದು ಮರುಪರೀಕ್ಷೆಯಾಗದ ಸಿಲಿಂಡರ್‌ಗೆ ಯಾರೂ ತುಂಬಿಕೊಡುವುದಿಲ್ಲ.

ಚಳಿಯ ಮಾತು ಬೇರೆ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ಹೆಪ್ಪುಗಟ್ಟಿದಾಗ 45 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಕರೆಂಟ್ ಇರಲಿಲ್ಲ. ಅಂಥ ಚಳಿಯಲ್ಲಿ ಸಿಲಿಂಡರ್ ಅರ್ಧ ತುಂಬಿದ್ದರೂ ದೊಡ್ಡ ಜನರೇಟರ್ ಉಸಿರು ಕಟ್ಟಿದಂತೆ ನಿಲ್ಲಬಹುದು. ಇಂಜೆಕ್ಷನ್‌ಗೆ ಮುಂಚೆ ನರ್ಸ್ ಸ್ಪಿರಿಟ್ ಹಚ್ಚಿದಾಗ ಚರ್ಮ ತಣ್ಣಗಾಗುತ್ತದಲ್ಲ? ದ್ರವ ಆವಿಯಾಗುವಾಗ ಸುತ್ತಲಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಸಿಲಿಂಡರ್ ಒಳಗೂ ಅದೇ ನಡೆಯುತ್ತದೆ. ಹೊರಗೂ ಚಳಿ, ಒಳಗೂ ತಂಪು, ಆವಿ ಸಾಲುವುದಿಲ್ಲ. ಮೈಮೇಲೆ ಬಿಳಿ ಹಿಮದ ಪದರ ಕಟ್ಟುವುದು ಅದರ ಗುರುತು. ಸಣ್ಣ ಯಂತ್ರ ನಿಧಾನವಾಗಿ ಎಳೆಯುವುದರಿಂದ ಈ ತೊಂದರೆ ಕಡಿಮೆ. ದೊಡ್ಡ ಯಂತ್ರಕ್ಕೆ ದೊಡ್ಡ ಸಿಲಿಂಡರ್ ಬೇಕು. ಯಾವ ಕಾರಣಕ್ಕೂ ಸಿಲಿಂಡರ್‌ಗೆ ಬೆಂಕಿ, ಹೀಟರ್ ತೋರಿಸಿ ಬಿಸಿ ಮಾಡಬೇಡಿ.

## ಯಾವ ಥರದ್ದು, ಎಷ್ಟು ದುಡ್ಡು?

ಮುಖ್ಯವಾಗಿ ಮೂರು ಥರ ಇವೆ.

ಮುಚ್ಚಿದ ಡಬ್ಬದ ಹಾಗಿರುವುದು ಇನ್ವರ್ಟರ್ ಜನರೇಟರ್. ಊರಲ್ಲಿ ಇನ್ವರ್ಟರ್ ಅಂದರೆ ಬ್ಯಾಟರಿ. ಇದು ಅದಲ್ಲ. ಇಂಜಿನ್ ಕೊಟ್ಟ ಕರೆಂಟನ್ನು ಎಲೆಕ್ಟ್ರಾನಿಕ್ಸ್ ಮೂಲಕ ಹದ ಮಾಡಿ ಕೊಡುತ್ತದೆ. ಲ್ಯಾಪ್‌ಟಾಪ್, ಹೊಸ ಫ್ರಿಜ್‌ಗಳಿಗೆ ಈ ಕರೆಂಟ್ ಹಿತ. ಲೋಡ್ ಕಡಿಮೆಯಾದರೆ ಇಂಜಿನ್ ತಾನೇ ನಿಧಾನವಾಗುತ್ತದೆ, ಸದ್ದೂ ಕಡಿಮೆ, ಇಂಧನವೂ ಕಡಿಮೆ. 3,000 ವ್ಯಾಟ್ ಆಸುಪಾಸಿನ ಡ್ಯುಯಲ್ ಫ್ಯೂಯೆಲ್ ಯಂತ್ರ ಸಾಮಾನ್ಯವಾಗಿ 500ರಿಂದ 1,000 ಡಾಲರ್ ಒಳಗೆ ಸಿಗುತ್ತದೆ.

ಕಬ್ಬಿಣದ ಚೌಕಟ್ಟಿನೊಳಗೆ ಇಂಜಿನ್ ಕಾಣುವಂತೆ ಇರುವುದು ಎರಡನೆಯದು. ಅದೇ ದುಡ್ಡಿಗೆ ಎರಡು ಪಟ್ಟು ವ್ಯಾಟ್, 240 ವೋಲ್ಟೂ ಬರುತ್ತದೆ. ಆದರೆ ಸದ್ದು ಬಹಳ, ಕರೆಂಟ್ ಅಷ್ಟು ಹದವಾಗಿರುವುದಿಲ್ಲ, ಲೋಡ್ ಇರಲಿ ಬಿಡಲಿ ಒಂದೇ ವೇಗದಲ್ಲಿ ತಿರುಗುತ್ತದೆ. ಬಾವಿ ಪಂಪ್ ಇರುವ ಮನೆಗೆ ಇದು ಬೇಕಾಗಬಹುದು.

ಮೂರನೆಯದು ಮನೆಯ ಪಕ್ಕ ಕಾಂಕ್ರೀಟ್ ಮೇಲೆ ಕಾಯಂ ಕೂರಿಸುವ ಸ್ಟ್ಯಾಂಡ್‌ಬೈ. ಕರೆಂಟ್ ಹೋದ ಕೆಲವೇ ಸೆಕೆಂಡಿನಲ್ಲಿ ತಾನೇ ಶುರುವಾಗುತ್ತದೆ. ಕೂರಿಸುವ ಖರ್ಚೂ ಸೇರಿದರೆ 10,000 ಡಾಲರ್ ದಾಟುವುದು ಸಾಮಾನ್ಯ. ಆಕ್ಸಿಜನ್ ಯಂತ್ರದ ಮೇಲೆ ಇರುವವರು ಮನೆಯಲ್ಲಿದ್ದರೆ ಅದರ ಮಾತೇ ಬೇರೆ. ಇಲ್ಲದಿದ್ದರೆ ಈ ಲೇಖನದ 'ಕಡಿಮೆ ಬೆಲೆ' ಅನ್ನುವ ಮಾತಿಗೆ ಅದು ಹೊಂದುವುದಿಲ್ಲ.

ಟೆಕ್ಸಾಸ್‌ನವರಿಗೆ ಒಂದು ಒಳ್ಳೆಯ ಅವಕಾಶ ಇದೆ. ಪ್ರತಿ ವರ್ಷ ಏಪ್ರಿಲ್ ಕೊನೆಯ ಹೊತ್ತಿಗೆ ಒಂದು ವಾರಾಂತ್ಯ ತುರ್ತು ಸಾಮಾನುಗಳಿಗೆ ಮಾರಾಟ ತೆರಿಗೆ ಇರುವುದಿಲ್ಲ. 3,000 ಡಾಲರ್‌ಗಿಂತ ಕಡಿಮೆ ಬೆಲೆಯ ಪೋರ್ಟಬಲ್ ಜನರೇಟರ್‌ಗೂ ಇದು ಸಿಗುತ್ತದೆ. ಬಿರುಗಾಳಿಯ ಸುದ್ದಿ ಬಂದ ಮೇಲೆ ಅಂಗಡಿಗೆ ಓಡಿದರೆ ಕಪಾಟು ಖಾಲಿ ಇರುತ್ತದೆ.

ಅಪಾರ್ಟ್‌ಮೆಂಟ್‌ನಲ್ಲಿ ಇರುವವರಿಗೆ ಇದ್ಯಾವುದೂ ಆಗದು. ಬಾಲ್ಕನಿಯಲ್ಲಿ ಜನರೇಟರ್ ಓಡಿಸುವುದು ಜೀವಕ್ಕೆ ಅಪಾಯ. ಅವರು ಬ್ಯಾಟರಿಯ 'ಪವರ್ ಸ್ಟೇಷನ್' ಕಡೆ ನೋಡಬೇಕು, ಅಂದರೆ ಮೊದಲೇ ಚಾರ್ಜ್ ಮಾಡಿಟ್ಟುಕೊಳ್ಳುವ ದೊಡ್ಡ ಬ್ಯಾಟರಿ ಡಬ್ಬ.

## ಕರೆಂಟನ್ನು ಮನೆಯೊಳಗೆ ತರುವುದು

ಸುಲಭದ ದಾರಿ ಎಕ್ಸ್‌ಟೆನ್ಶನ್ ವೈರ್. ದಪ್ಪ ವೈರ್ ಬೇಕು, 12 ಗೇಜ್ ಅಥವಾ 10 ಗೇಜ್. ಗೇಜ್ ಅಂಕಿ ಚಿಕ್ಕದಾದಷ್ಟೂ ವೈರ್ ದಪ್ಪ. ತೆಳ್ಳನೆ ವೈರ್ ಬಿಸಿಯಾಗಿ ಕರಗುತ್ತದೆ.

ಇನ್ನೊಂದು ದಾರಿಯಲ್ಲಿ ಮನೆಯ ಹೊರಗೋಡೆಗೆ ಜನರೇಟರ್ ವೈರ್ ಸಿಕ್ಕಿಸುವ ಒಂದು ಇನ್ಲೆಟ್ ಕೂರಿಸಿ, ಬ್ರೇಕರ್ ಪ್ಯಾನೆಲ್‌ಗೆ 'ಇಂಟರ್‌ಲಾಕ್' ಹಾಕಿಸುತ್ತಾರೆ. ಇಂಟರ್‌ಲಾಕ್ ಅಂದರೆ ಜಾರುವ ಒಂದು ತಗಡಿನ ಪಟ್ಟಿ, ಅಷ್ಟೇ. ಬೀದಿಯ ಮೇನ್ ಆನ್ ಇದ್ದರೆ ಜನರೇಟರ್ ಬ್ರೇಕರ್ ಆನ್ ಆಗಲು ಬಿಡುವುದಿಲ್ಲ. ಜನರೇಟರ್ ಬ್ರೇಕರ್ ಆನ್ ಇದ್ದರೆ ಮೇನ್ ಆನ್ ಆಗಲು ಬಿಡುವುದಿಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ, ಪರ್ಮಿಟ್ ತೆಗೆದೇ ಮಾಡಿಸಬೇಕು.

ಒಂದು ಪಟ್ಟಿಗೆ ಇಷ್ಟೆಲ್ಲ ಯಾಕೆ? ಕೆಲವರು ಎರಡೂ ತುದಿಗೆ ಪಿನ್ ಇರುವ ವೈರ್ ಮಾಡಿ ಜನರೇಟರನ್ನು ಗೋಡೆಯ ಪ್ಲಗ್‌ಗೇ ಸಿಕ್ಕಿಸುತ್ತಾರೆ. ಮೇನ್ ಆನ್ ಇದ್ದರೆ ಆ ಕರೆಂಟ್ ಬೀದಿಗೆ ಹೋಗುತ್ತದೆ. ಕಂಬದ ಟ್ರಾನ್ಸ್‌ಫಾರ್ಮರ್ 240 ವೋಲ್ಟನ್ನು ತಿರುಗಿಸಿ ಸಾವಿರಾರು ವೋಲ್ಟ್ ಮಾಡುತ್ತದೆ. ಲೈನ್ ಸತ್ತಿದೆ ಅಂದುಕೊಂಡು ಕಂಬ ಹತ್ತಿದ ಲೈನ್‌ಮನ್ ಸಾಯುತ್ತಾನೆ. ನಿಮಗೆ ಕರೆಂಟ್ ಕೊಡಲೆಂದೇ ಅವನು ಹತ್ತಿದ್ದು.

## ಕಾಣದ ಹೊಗೆ

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

"ಅಡುಗೆಮನೆಯಲ್ಲಿ ಗ್ಯಾಸ್ ಒಳಗೇ ಉರಿಸುತ್ತೇವಲ್ಲ, ಪ್ರೊಪೇನ್ ಜನರೇಟರ್ ಗರಾಜಿನಲ್ಲಿ ಇಟ್ಟರೆ ಏನಾಯಿತು?" ಒಳ್ಳೆಯ ಓದಿದವರೇ ಇದನ್ನು ಕೇಳಿದ್ದಾರೆ. ಒಲೆಯ ನೀಲಿ ಉರಿಗೆ ಸುತ್ತಲಿಂದ ಗಾಳಿ ಸಿಗುತ್ತದೆ, ಪ್ರೊಪೇನ್ ಹೆಚ್ಚುಕಡಿಮೆ ಪೂರ್ತಿ ಉರಿಯುತ್ತದೆ. ಇಂಜಿನ್ನಿನ ಸಣ್ಣ ಕೋಣೆಯಲ್ಲಿ ಸೆಕೆಂಡಿನ ಚೂರಿನಲ್ಲಿ ಸಿಡಿಯುವಾಗ ಪೂರ್ತಿ ಉರಿಯುವುದಿಲ್ಲ. ಅರೆಬರೆ ಉರಿದದ್ದು ಕಾರ್ಬನ್ ಮಾನಾಕ್ಸೈಡ್ ಆಗಿ ಹೊರಬರುತ್ತದೆ. ಪೆಟ್ರೋಲ್‌ಗಿಂತ ಪ್ರೊಪೇನ್ ಸ್ವಚ್ಛ, ನಿಜ. ಆದರೂ ಕೊಲ್ಲುವಷ್ಟು ಬರುತ್ತದೆ.

ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಇದು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ತಲೆ ಸುತ್ತು. ಜ್ವರದ ಮುನ್ಸೂಚನೆ ಅಂದುಕೊಂಡು ಮಲಗಿದವರು ಏಳುವುದಿಲ್ಲ. ಪೋರ್ಟಬಲ್ ಜನರೇಟರ್‌ಗಳ ಈ ಹೊಗೆಗೆ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 100 ಜನ ಸಾಯುತ್ತಾರೆ ಎಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಅಂದಾಜು ಮಾಡಿದೆ.

ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ದೂರ ಇರಬೇಕು, ಹೊಗೆಯ ಬಾಯಿ ಆಚೆ ತಿರುಗಿರಬೇಕು. ಗರಾಜ್ ಬಾಗಿಲು ಪೂರ್ತಿ ತೆರೆದಿದ್ದರೂ ಒಳಗಿಡಬಾರದು. ಮಳೆ ಅಂತ ಜಗುಲಿಗೆ ತರಬಾರದು, ಓಡುವ ಜನರೇಟರ್‌ಗೆ ಅಂತಲೇ ಮಾಡಿದ ಮಳೆ ಹೊದಿಕೆ ಸಿಗುತ್ತದೆ. ಮಲಗುವ ಕೋಣೆಗಳ ಹತ್ತಿರ ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿ. ಈ ಅನಿಲ ಜಾಸ್ತಿಯಾದರೆ ತಾನೇ ನಿಲ್ಲುವ ಸೆನ್ಸರ್ ಹೊಸ ಜನರೇಟರ್‌ಗಳಲ್ಲಿ ಬರುತ್ತದೆ. ಕೊಳ್ಳುವಾಗ ಅದು ಇದೆಯೇ ಅಂತ ಕೇಳಿ. ಸೆನ್ಸರ್ ಇದ್ದರೂ 20 ಅಡಿ ದೂರ 20 ಅಡಿಯೇ.

ಸಿಲಿಂಡರ್‌ಗೂ ಒಂದು ಮಾತು. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ನೆಲದಲ್ಲಿ ನೀರಿನ ಹಾಗೆ ತಗ್ಗಿಗೆ ಹರಿದು ನಿಲ್ಲುತ್ತದೆ. ಸಿಲಿಂಡರ್ ಯಾವಾಗಲೂ ಹೊರಗೆ, ನೆಟ್ಟಗೆ ನಿಂತಿರಬೇಕು. ಎಷ್ಟು ಸಿಲಿಂಡರ್ ಇಡಬಹುದು ಅನ್ನುವುದಕ್ಕೆ ಊರೂರಿಗೆ ನಿಯಮ ಇದೆ, ಕೇಳಿಕೊಳ್ಳಿ. ಜೋಡಿಸಿದ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಊರಲ್ಲಿ ಗ್ಯಾಸ್ ತರುವ ಹುಡುಗ ಮಾಡುತ್ತಿದ್ದದ್ದೂ ಇದನ್ನೇ.

ಊರಿಂದ ಕೇಳುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಅಡುಗೆಯ 14.2 ಕೆಜಿ ಸಿಲಿಂಡರ್ ಅಡುಗೆಗೆ ಮಾತ್ರ, ಅದನ್ನು ಜನರೇಟರ್‌ಗೆ ಹಾಕುವುದು ಕಾನೂನಿಗೆ ವಿರುದ್ಧ. ಒಂದೆರಡು ಗಂಟೆ ಕರೆಂಟ್ ಹೋಗುವ ಊರಿಗೆ ಬ್ಯಾಟರಿಯ ಯುಪಿಎಸ್ಸೇ ಸರಿ.

## ಕೊಂಡ ಮೇಲೆ

ಹೊಸ ಯಂತ್ರದಲ್ಲಿ ಇಂಜಿನ್ ಆಯಿಲ್ ಇರುವುದಿಲ್ಲ, ನೀವೇ ಹಾಕಬೇಕು. ಮೊದಲ ಐದರಿಂದ 25 ಗಂಟೆ ಓಡಿದ ಮೇಲೆ, ಯಂತ್ರಕ್ಕೆ ತಕ್ಕಂತೆ, ಆ ಆಯಿಲ್ ಬದಲಿಸಬೇಕು. ಆಮೇಲೆ ಕೈಪಿಡಿಯಲ್ಲಿ ಹೇಳಿದಷ್ಟು ಗಂಟೆಗೊಮ್ಮೆ. ಐದು ದಿನ ಕರೆಂಟ್ ಇಲ್ಲದಿದ್ದರೆ ಇದು ನಡುವೆಯೇ ಬರುತ್ತದೆ, ಹಾಗಾಗಿ ಒಂದು ಬಾಟಲಿ ಆಯಿಲ್ ಮನೆಯಲ್ಲಿರಲಿ.

ತಿಂಗಳಿಗೊಮ್ಮೆ ಹೊರಗಿಟ್ಟು ಕಾಲು ಗಂಟೆ ಓಡಿಸಿ. ಸುಮ್ನೆ ಓಡಿಸಬೇಡಿ, ಒಂದು ಫ್ಯಾನೋ ಕುಕ್ಕರೋ ಹಾಕಿ ಓಡಿಸಿ. ನಿಲ್ಲಿಸುವಾಗ ಮೊದಲು ಲೋಡ್ ತೆಗೆಯಿರಿ. ಆಮೇಲೆ ಸಿಲಿಂಡರ್ ವಾಲ್ವ್ ಮುಚ್ಚಿ. ಪೈಪಿನಲ್ಲಿ ಉಳಿದ ಪ್ರೊಪೇನ್ ಉರಿದು ಮುಗಿದು ಇಂಜಿನ್ ತಾನೇ ನಿಲ್ಲುತ್ತದೆ. ಆಗ ಸ್ವಿಚ್ ಆಫ್ ಮಾಡಿ. ನಾನು ಹಿಡಿಗೆ ಒಂದು ರಟ್ಟಿನ ಚೀಟಿ ಕಟ್ಟಿದ್ದೇನೆ, ಓಡಿಸಿದ ದಿನ, ಎಷ್ಟು ಹೊತ್ತು, ಆಯಿಲ್ ಯಾವಾಗ ಅಂತ ಬರೆಯುತ್ತೇನೆ. ಹೋದ ಸಲ ಬರೆದದ್ದು ಅತ್ತೆ, ಕನ್ನಡದಲ್ಲಿ.